ಕ್ರಿಮಿ ಇಲ್ಲದೆ ಉರಿಯೂತವೇ?

ಪ್ರಶ್ನೆ: ನನಗೆ 46 ವರ್ಷ, ಲಾರಿ ಚಾಲಕ. ಬಾಡೂಟ ಮುಗಿಸಿ ಮಲಗಿದ ರಾತ್ರಿ ಬಲಗಾಲ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ಸೋಕಿದರೂ ಪ್ರಾಣ ಹೋಗುವಂತಾಯಿತು. ಗೌಟ್ ಅಂದರು. ರಕ್ತದಲ್ಲಿ ಬಿಳಿ ರಕ್ತಕಣ, ಸಿಆರ್‌ಪಿ (ಉರಿಯೂತ ಸೂಚಿಸುವ ಪ್ರೋಟೀನು) ಎರಡೂ ಜಾಸ್ತಿ. ಆದರೂ ಆಂಟಿಬಯಾಟಿಕ್ ಕೊಡಲಿಲ್ಲ, ಏಕೆ?
– ಓದುಗರು, ರಾಣೆಬೆನ್ನೂರು

ಉತ್ತರ: ಕೊಡದಿದ್ದುದೇ ಸರಿ. ಈ ರಂಪ ಎಬ್ಬಿಸಿದ್ದು ಕ್ರಿಮಿಯಲ್ಲ, ನಿಮ್ಮದೇ ಬಿಳಿ ರಕ್ತಕಣಗಳು.

ಗೌಟ್‌ಗೆ ಮೂಲ ಯೂರಿಕ್ ಆಸಿಡ್ ಎಂಬ ದೇಹದ ಕಸ. ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟಬಹುದು. ತಣ್ಣಗಿರುವ ಕಾಲ್ಬೆರಳಲ್ಲಿ ಇನ್ನೂ ಸಲೀಸು. ಕೀಲಿನ ನೀರನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಬಿಳಿಕಣವನ್ನೇ ತೂರಿ ಎರಡೂ ಕಡೆ ಚಾಚಿದ ಸೂಜಿಯಂಥ ಹರಳು ಕಾಣುತ್ತದೆ. ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಕೀಲಿನ ಒಳಪೊರೆಯಲ್ಲಿ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಕಣಗಳಿಗೆ ಕಸ ನುಂಗುವುದೇ ಕೆಲಸ. ಹರಳನ್ನೂ ನುಂಗುತ್ತವೆ, ಆದರೆ ಅರಗುವುದಿಲ್ಲ. ಆಗ ಕಣದೊಳಗೆ ಕೆಲವು ಪ್ರೋಟೀನುಗಳು ಒಟ್ಟುಗೂಡಿ ಇನ್‌ಫ್ಲಮಸೋಮ್ ಎಂಬ ಕೂಟ ಕಟ್ಟಿಕೊಂಡು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಎಬ್ಬಿಸುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶದ ಪ್ರೋಟೀನು ಮೊದಲು ತಯಾರಾಗುವುದು ಉದ್ದನೆಯ, ಕೆಲಸಕ್ಕೆ ಬಾರದ ರೂಪದಲ್ಲಿ. ಈ ಕಿಣ್ವ ಕತ್ತರಿಸಿದ ಮೇಲೆಯೇ ಅದಕ್ಕೆ ಶಕ್ತಿ. ಹೊರಬಿದ್ದ ತುಣುಕು ರಕ್ತನಾಳಗಳನ್ನು ಹಿಗ್ಗಿಸಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ದಂಡನ್ನೇ ಕರೆಸುತ್ತದೆ. ಬಂದವೂ ಹರಳು ನುಂಗಿ ಉರಿ ಹೆಚ್ಚಿಸುತ್ತವೆ. ಜೊತೆಗೆ ಹೊಮ್ಮುವ ಇನ್ನೊಂದು ಸಂದೇಶದ ಪ್ರೋಟೀನು ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಮುಟ್ಟಿ ಸಿಆರ್‌ಪಿ ಏರುತ್ತದೆ. ಹರಳಿಗೂ ಇನ್‌ಫ್ಲಮಸೋಮಿಗೂ ಇರುವ ನಂಟನ್ನು 2006ರಲ್ಲಿ ತೋರಿಸಿಕೊಟ್ಟದ್ದು ಸ್ವಿಟ್ಜರ್ಲೆಂಡಿನ ಯೂರ್ಗ್ ಚೋಪ್ ಅವರ ತಂಡ.

ಇಂಟರ್‌ಲ್ಯೂಕಿನ್-1 ಬೀಟಾದ ಆ ಉದ್ದನೆಯ ರೂಪ ತಯಾರಾಗಲು ಬೇರೊಂದು ಪ್ರಚೋದನೆ ಬೇಕು. ಕೊಬ್ಬಿನಾಮ್ಲಗಳಿಂದ ಅದು ಸಿಗಬಲ್ಲದೆಂದು ಪ್ರಯೋಗಗಳು ಹೇಳುತ್ತವೆ. ನಿಮ್ಮ ಬಾಡೂಟದ ಮೇಲೆ ನನಗೆ ಅನುಮಾನವಿರುವುದು ಅದಕ್ಕೇ. ಯೂರಿಕ್ ಆಸಿಡ್ ಏರಿಸುವ ಬಿಯರ್, ಕುರಿಯ ಲಿವರ್ ಬಿಡಿ. ಊರವರ ಮಾತು ಕೇಳಿ ಬೇಳೆ ಬಿಡಬೇಡಿ.

ಗೌಟ್‌ಗೆ ಕೊಡುವ ಕಾಲ್ಚಿಸಿನ್ ಮಾತ್ರೆ ನ್ಯೂಟ್ರೋಫಿಲ್‌ಗಳ ಓಡಾಟಕ್ಕೇ ತಡೆ ಹಾಕುತ್ತದೆ. ಕಿಡ್ನಿ ಪರೀಕ್ಷೆ ಮಾಡಿಸದೆ ನುಂಗುವ ಮಾತ್ರೆಯಲ್ಲ ಅದು. ನಮ್ಮ ಬೇಲಿಯ ಅಗ್ನಿಶಿಖೆಯ ಗಡ್ಡೆಯಲ್ಲೂ ಇದೇ ರಾಸಾಯನಿಕವಿದೆ. ಹಾಗೆಂದು ಅರೆದು ಕುಡಿದೀರಿ ಮತ್ತೆ, ಅದು ವಿಷ!

ಮುಂದೆಂದಾದರೂ ಕೀಲುನೋವಿನ ಜೊತೆ ಚಳಿಜ್ವರ ಬಂದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಕೀಲಿಗೆ ನಿಜವಾಗಿ ಸೋಂಕು ತಗುಲಿದರೂ ಹೊರಗೆ ಹೀಗೇ ಕಾಣುತ್ತದೆ. ಕೀಲಿನ ನೀರು ತೆಗೆದು ಕಲ್ಚರ್ (ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಲೇಬೇಕು.