ನಮ್ಮೂರ ಗಡಂಗು, ದೂರದ ಊರುಗಳ ಕಾನೂನು

ನೀವು ಕೇಳಿದ್ದು ಚಿಕ್ಕ ಪ್ರಶ್ನೆ. ಕಾಸರಗೋಡಿನ ಹಳ್ಳಿಗಳಲ್ಲಿ ಕಳ್ಳಿನಂಗಡಿ ಇರುತ್ತಂತೆ, ಅದು ಬಾರ್ ಥರಾನಾ, ಅಲ್ಲಿ ಕೂತವರು ಯಾವ ಭಾಷೆ ಮಾತಾಡ್ತಾರೆ ಅಂತ. ಉತ್ತರ ಉದ್ದ ಆಗುತ್ತದೆ, ಯಾಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಅಂಗಡಿ, ಅದರ ಕಥೆ ಹೇಳದೆ ಬೇರೆ ಹೇಳಲು ಬರುವುದಿಲ್ಲ.

ನಮ್ಮೂರು ಪೆರ್ಲದಿಂದ ಸ್ವಲ್ಪ ಒಳಗೆ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆ ಹಿಡಿದರೆ ಬದಿಯಡ್ಕ, ಪೆರ್ಲ, ಅಡ್ಕಸ್ಥಳ ದಾಟಿ ಸಾರಡ್ಕ ಬರುತ್ತದೆ, ಅಲ್ಲಿಂದಾಚೆ ಕರ್ನಾಟಕ, ವಿಟ್ಲ. ಈಚೆ ಕೇರಳ. ಗುಡ್ಡ ಒಂದೇ, ಮುರಕಲ್ಲು ಒಂದೇ, ಅಡಿಕೆ ತೋಟವೂ ಒಂದೇ ಥರ. ಬೋರ್ಡಿನ ಅಕ್ಷರ ಮಾತ್ರ ಬದಲಾಗುತ್ತದೆ.

ಅಂಗಡಿಗೆ ಮೂರು ಹೆಸರು. ಕನ್ನಡದವರಿಗೆ ಶೇಂದಿ ಅಂಗಡಿ, ತುಳುವರಿಗೆ ಗಡಂಗು, ಮಲಯಾಳದವರಿಗೆ ಷಾಪ್. ಒಳಗೆ ಸಿಗುವುದಕ್ಕೂ ಹಾಗೆಯೇ. ನಾವು ಕಳ್ಳು ಅನ್ನುತ್ತೇವೆ, ತುಳುವಿನಲ್ಲಿ ಕಲಿ, ಕೊಂಕಣಿಯವರಿಗೆ ಸುರ್. ಹೊರಗೆ ಬಿಳಿ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಮಲಯಾಳದಲ್ಲಿ ‘ಕಳ್ಳ್’ ಅಂತ ಬರೆದಿತ್ತು, ಅದರ ಕೆಳಗೆ ಅಂಗಡಿಯ ನಂಬರ್. ಒಳಗಿನ ಸಾಲದ ಪುಸ್ತಕ ಮಾತ್ರ ಕೊನೆಯ ದಿನದವರೆಗೂ ಕನ್ನಡದಲ್ಲೇ ಇತ್ತು, ಅಂಕಿಗಳೂ ಕನ್ನಡದವೇ.

ಆ ಪುಸ್ತಕವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಬೆನ್ನಿಗೆ ಗೋಣಿದಾರದ ಹೊಲಿಗೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ‘ಗುಡ್ಡೆಮನೆ – ೨ ಕುಡ್ತೆ’, ‘ಕಲ್ಲಿನ ಕೆಲಸದವ – ೧’, ‘ತೋಡಿನ ಬದಿ’ ಅಂತ ಮಾತ್ರ. ಹೆಸರು ಯಾಕಿಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ ಅಂಗಡಿಯ ಅಜ್ಜ ಹೇಳಿದ್ದು, ನಾಳೆ ಅವನ ಮಗ ಅಥವಾ ಹೆಂಡತಿ ಈ ಪುಸ್ತಕ ನೋಡಿದರೆ ಅವನಿಗೆ ಮರ್ಯಾದೆ ಹೋಗಬಾರದು ಅಂತ. ಕುಡ್ತೆ ಅಂದರೆ ನಮ್ಮಲ್ಲಿನ ಹಳೆಯ ಅಳತೆ, ಹಾಲಿಗೂ ಅದೇ, ಕಳ್ಳಿಗೂ ಅದೇ.

ಅಜ್ಜ ಅಂದರೆ ಊರಿಗೆಲ್ಲ ‘ಪೂಜಾರಿ ಅಜ್ಜ’. ಬಿಲ್ಲವರ ಮನೆ. ಮರ ಹತ್ತಿ ಕಳ್ಳು ಇಳಿಸುವ ಕೆಲಸಕ್ಕೆ ನಮ್ಮಲ್ಲಿ ಮೂರ್ತೆ ಅನ್ನುತ್ತಾರೆ. ಅಜ್ಜನ ಅಪ್ಪನೂ ಮೂರ್ತೆಯವರೇ. ಆಗ ಕಾಸರಗೋಡು, ಪುತ್ತೂರು ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಆಳುತ್ತಿದ್ದದ್ದು ಮದ್ರಾಸಿನಿಂದ. ವಿಟ್ಲದ ಕಡೆ ಅವರ ಅಣ್ಣನ ಮನೆ. ಆಚೆ ಕಳ್ಳು ಕಡಿಮೆಯಾದರೆ ಈಚೆಯಿಂದ ಹೊತ್ತು ಕೊಂಡುಹೋಗುತ್ತಿದ್ದರಂತೆ. ಮಧ್ಯೆ ಯಾವ ಗಡಿಯೂ ಇರಲಿಲ್ಲ.

ಮದ್ರಾಸ್ ಸರ್ಕಾರ 1937ರಲ್ಲಿ ಸೇಲಂನಿಂದ ಪಾನನಿಷೇಧ ಶುರುಮಾಡಿತು, 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಅದು ಬಂತು. ಅಜ್ಜನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಮರ ಹತ್ತಲು ಕಲಿತು ಎರಡು ವರ್ಷ ಆಗಿತ್ತಷ್ಟೆ, ಹತ್ತುವುದೇ ತಪ್ಪು ಅಂತ ಆಯಿತು. ಮನೆಯಲ್ಲಿ ಆರೇಳು ಬಾಯಿ. ಆಗ ಉಳಿದ ದಾರಿ ಬೆಲ್ಲ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ, ಸಿಹಿಯಾಗೇ ಇರುತ್ತದೆ, ಅದನ್ನು ಕಾಯಿಸಿ ಕಾಯಿಸಿ ಬೆಲ್ಲ ಮಾಡಬಹುದು. ಅವರು ಹಾಗೇ ಬದುಕಿದರು. ಸೌದೆಗೆ ಗುಡ್ಡ ಅಲೆದು ಅಜ್ಜನ ಅಮ್ಮನ ಬೆನ್ನು ಬಾಗಿತು ಅಂತ ಅಜ್ಜ ಹೇಳುವಾಗ ದನಿ ಗಟ್ಟಿಯಾಗುತ್ತಿತ್ತು. ಮದ್ರಾಸ್ ಎಲ್ಲಿದೆ ಅಂತ ಅವರ ಮನೆಯಲ್ಲಿ ಯಾರೂ ಕಂಡವರಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನವರು ಕಳ್ಳು ಅಂದ ತಕ್ಷಣ ಕುಡುಕರನ್ನಷ್ಟೇ ನೆನೆಸುತ್ತಾರೆ. ನಮ್ಮ ಕಡೆ ಭೂತಕ್ಕೆ ಕಳ್ಳು ಬೇಕು. ಕೋಲದಲ್ಲಿ ಕೆಲವು ದೈವಗಳಿಗೆ ಅದನ್ನು ಇಡಲೇಬೇಕು. ಮಲಯಾಳ ಮಾತಾಡುವ ತೀಯರ ಮನೆಗಳಲ್ಲಿ ವಯನಾಟು ಕುಲವನ್ ಅನ್ನುವ ದೈವದ ತೆಯ್ಯಂ (ಅವರ ಕೋಲ) ಕಟ್ಟುವಾಗಲೂ ಬೇಕು, ಮುತ್ತಪ್ಪ ದೈವಕ್ಕೂ ಬೇಕು. ಕ್ರಿಶ್ಚಿಯನ್ನರ ಮನೆಯಿಂದ ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಕ್ರಿಸ್‌ಮಸ್ಸಿಗೆ ಹೆಂಗಸರೇ ಬಾಟಲಿ ಹಿಡಿದು ಬರುತ್ತಿದ್ದರು. ಇಡ್ಲಿಯಂಥ ಸನ್ನಾದ ಹಿಟ್ಟಿಗೆ ಕಳ್ಳು ಹಾಕಿದರೇ ಅದು ಉಬ್ಬುವುದು, ಯೀಸ್ಟಿನಲ್ಲಿ ಆ ರುಚಿ ಬರುವುದಿಲ್ಲ. ಹಬ್ಬದ ಹಿಂದಿನ ದಿನ ಅಂಗಡಿಯ ಗಿರಾಕಿಗಳಿಗೆ ಕಳ್ಳು ಕಡಿಮೆ, ಅಡುಗೆಮನೆಗಳಿಗೇ ಜಾಸ್ತಿ. ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ.

1956ರ ನವೆಂಬರ್ 1. ದಕ್ಷಿಣ ಕನ್ನಡ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ. ಅಣ್ಣನ ಮನೆ ಒಂದು ರಾಜ್ಯ, ತಮ್ಮನ ಮನೆ ಇನ್ನೊಂದು. ಇಲ್ಲಿನ ಕನ್ನಡದವರಿಗೆ ಅದು ಇವತ್ತಿಗೂ ನೋವೇ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಜೀವಮಾನವಿಡೀ ಹೋರಾಡಿದ್ದು ನಿಮಗೂ ಗೊತ್ತಿರಬಹುದು. ಪೂಜಾರಿ ಅಜ್ಜನ ಮನೆಗೆ ಅದರ ಅರ್ಥ ಬೇರೆ ಥರ ಬಂತು. ಇನ್ನು ಕಾನೂನು ಮದ್ರಾಸಿನಿಂದ ಬರುವುದಿಲ್ಲ, ತಿರುವನಂತಪುರದಿಂದ ಬರುತ್ತದೆ, ಮತ್ತು ಮಲಯಾಳದಲ್ಲಿ ಬರುತ್ತದೆ. ಪಾನನಿಷೇಧ ಮಾತ್ರ ಹಾಗೇ ಮುಂದುವರಿಯಿತು.

ನಂತರ 1967. ಆ ವರ್ಷ ಎರಡು ಸಂಗತಿ ನಡೆಯಿತು, ನಮ್ಮೂರಲ್ಲಿ ಹಿರಿಯರು ಎರಡನ್ನೂ ಒಟ್ಟಿಗೆ ಹೇಳುತ್ತಿದ್ದರು. ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ ಪಾನನಿಷೇಧ ತೆಗೆಯಿತು. ಅದೇ ವರ್ಷ ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕು ಅಂತ ವರದಿ ಕೊಟ್ಟಿತು. ಕಳ್ಳು ಬಂತು, ವರದಿ ಕಪಾಟಿನಲ್ಲೇ ಉಳಿಯಿತು.

ಅಂಗಡಿ ಶುರುವಾದದ್ದು ಆಮೇಲೆ. ಹರಾಜಿನಲ್ಲಿ ಅಂಗಡಿ ಹಿಡಿಯುವುದು ಪೇಟೆಯ ದುಡ್ಡಿದ್ದವರು, ನಡೆಸುವುದು ಇವರು. ಹುಲ್ಲಿನ ಮಾಡು, ಮಣ್ಣಿನ ಗೋಡೆ, ನಾಲ್ಕು ಬೆಂಚು. ಮೊದಮೊದಲು ತೆಂಗಿನ ಗೆರಟೆಯಲ್ಲೇ ಕೊಡುತ್ತಿದ್ದರಂತೆ, ನಾನು ನೋಡುವ ಹೊತ್ತಿಗೆ ಗ್ಲಾಸು ಬಂದಿತ್ತು. ಅಜ್ಜಿ ಹಿಂದಿನ ಒಲೆಯಲ್ಲಿ ಬೂತಾಯಿ ಮೀನಿನ ಗಸಿ, ಬೇಯಿಸಿದ ಮರಗೆಣಸು, ಮಳೆಗಾಲದಲ್ಲಿ ಸುಟ್ಟ ಒಣಮೀನು ಮಾಡುತ್ತಿದ್ದರು. ಆ ಗಸಿಗೋಸ್ಕರ ಬರುವವರು, ಕಳ್ಳು ಮುಟ್ಟದವರೂ ಇದ್ದರು. ಮರಗೆಣಸನ್ನು ಅಜ್ಜಿ ಚಾಕುವಿನಲ್ಲಿ ಹೆಚ್ಚುತ್ತಿರಲಿಲ್ಲ, ಬೆಂದ ಮೇಲೆ ಸೌಟಿನ ಹಿಂಬದಿಯಿಂದ ಒಂದೇ ಏಟು ಕೊಡುತ್ತಿದ್ದರು, ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಗಸಿ ಹಿಡಿಯಲು ಆ ಒರಟು ಬದಿಯೇ ಬೇಕು.

ಭಾಷೆಯ ವಿಷಯ ಕೇಳಿದಿರಲ್ಲ. ಅಂಗಡಿಯಲ್ಲಿ ಒಂದೇ ಬೆಂಚಿನಲ್ಲಿ ತುಳು, ಕನ್ನಡ, ಮಲಯಾಳ, ಮರಾಟಿ, ಕೊಂಕಣಿ ಎಲ್ಲ ಕೂರುತ್ತಿದ್ದವು. ಜಗಳ ತುಳುವಿನಲ್ಲಿ, ರಾಜಕೀಯ ಮಲಯಾಳದಲ್ಲಿ, ಯಕ್ಷಗಾನದ ಮಾತು ಕನ್ನಡದಲ್ಲಿ. ರಾತ್ರಿ ಆಟ ಇದ್ದರೆ ಸಂಜೆ ಅಂಗಡಿಯಲ್ಲೇ ಅರ್ಧ ತಾಳಮದ್ದಳೆ ಮುಗಿಯುತ್ತಿತ್ತು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಾನು ಅದನ್ನು ಕಿವಿಯಾರೆ ಕೇಳಿದ್ದು ಆ ಹುಲ್ಲಿನ ಮಾಡಿನ ಕೆಳಗೆ.

ನಮ್ಮ ಮನೆಗೂ ಅಂಗಡಿಗೂ ಇದ್ದ ನಂಟು ಆರು ತೆಂಗಿನಮರ. ಅವನ್ನು ಮೂರ್ತೆಗೆ ಕೊಟ್ಟಿದ್ದೆವು. ಇಲ್ಲಿ ಸುಮ್ನೆ ಯಾವುದೋ ಮರದಿಂದ ಕಳ್ಳು ಇಳಿಸುವಂತಿಲ್ಲ. ಮರಕ್ಕೆ ತೆರಿಗೆ ಕಟ್ಟಬೇಕು, ಪ್ರತಿ ಮರಕ್ಕೂ ನಂಬರ್ ಬರೆಯಬೇಕು. ಅಜ್ಜನ ಮಗ, ನಾವು ಅಣ್ಣ ಅಂತಲೇ ಕರೆಯುವುದು, ಬೆಳಿಗ್ಗೆ ಐದೂವರೆಗೆ ಬರುತ್ತಿದ್ದರು. ಕಾಂಡಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಮೆಟ್ಟಿಲು ಮಾಡಿದ್ದರು. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ಎಲುಬಿನ ತುಂಡಿನಿಂದ ದಿನಾ ಮೆತ್ತಗೆ ಬಡಿಯಬೇಕು. ಜೋರಾಗಿ ಬಡಿದರೆ ಒಡೆಯುತ್ತದೆ, ಮೆತ್ತಗಾದರೆ ರಸ ಬರುವುದಿಲ್ಲ. ತುದಿಯನ್ನು ಕೂದಲೆಳೆಯಷ್ಟು ಕೆತ್ತಿ ಮಡಕೆ ಕಟ್ಟುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬರಲಿ ಗಾಳಿ ಬರಲಿ. ಒಂದು ದಿನ ತಪ್ಪಿದರೆ ಆ ಹೊಂಬಾಳೆ ಹಾಳು. ನಾನು ಹಾಸಿಗೆಯಲ್ಲೇ ಆ ಟಕ್ ಟಕ್ ಕೇಳಿ ಗಂಟೆ ಎಷ್ಟು ಅಂತ ತಿಳಿಯುತ್ತಿದ್ದೆ. ಎರಡನೇ ಮರದ ಸದ್ದು ಬಂದರೆ ಏಳಬೇಕು, ನಾಲ್ಕನೇದಕ್ಕೆ ಹಲ್ಲುಜ್ಜಿ ಮುಗಿದಿರಬೇಕು, ಇಲ್ಲವಾದರೆ ಶಾಲೆಗೆ ತಡ.

ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ, ಮರುದಿನಕ್ಕೆ ವಿನಿಗರ್. ಅದಕ್ಕೆ ಏನೂ ಸೇರಿಸಬೇಕಾಗಿಲ್ಲ, ತಾನಾಗಿ ಆಗುತ್ತದೆ.

ಆ ಮನೆಯ ಜಗಲಿಯಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳ ಫೋಟೋ ಇತ್ತು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ದೇವಸ್ಥಾನ ಪ್ರತಿಷ್ಠೆ ಮಾಡಿದ ಗುರುಗಳು. ಹೆಂಡ ವಿಷ, ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಅಂದವರೂ ಅವರೇ. ಅಜ್ಜಿ ದಿನಾ ಆ ಫೋಟೋದ ಮುಂದೆ ದೀಪ ಇಟ್ಟು, ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಯಾರೋ ಅಂಗಡಿಯಲ್ಲೂ ಒಂದು ಫೋಟೋ ಹಾಕಿ ಅಂದಾಗ ಅಜ್ಜಿ ಒಪ್ಪಲೇ ಇಲ್ಲ. ‘ಅವರನ್ನು ಇಲ್ಲಿಗೆ ಕರೆಯುವುದು ಬೇಡ’ ಅಂದರು. ಗುರುಗಳು ವಿದ್ಯೆ ಪಡೆಯಿರಿ ಅಂದದ್ದನ್ನು ಆ ಮನೆ ಬಿಡಲಿಲ್ಲ. ಕಳ್ಳು ಮಾರಿದ ದುಡ್ಡಿನಲ್ಲೇ ಮೂರು ಹೆಣ್ಣುಮಕ್ಕಳು ಕಲಿತರು, ಒಬ್ಬರು ಕನ್ನಡ ಶಾಲೆಯ ಟೀಚರ್ ಆದರು. ಇದರಲ್ಲಿ ತಪ್ಪು ಹುಡುಕುವವರ ಜೊತೆ ನಾನು ಯಾವತ್ತೂ ವಾದಕ್ಕೆ ನಿಲ್ಲುತ್ತೇನೆ.

ಕುಡಿತದಿಂದ ಹಾಳಾದ ಮನೆಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯ ಹೊರಗೆ ಮಗುವನ್ನು ಎತ್ತಿಕೊಂಡು ಕಾಯುತ್ತಾ ನಿಂತ ಹೆಂಗಸರನ್ನು ನಾನು ನೋಡಿದ್ದೇನೆ. ಅಂಥ ಕೆಲವರ ಗಂಡಂದಿರಿಗೆ ಅಜ್ಜ ಒಂದು ಗ್ಲಾಸಿನ ಮೇಲೆ ಕೊಡುತ್ತಿರಲಿಲ್ಲ. ಆದರೆ ಅವರು ಇಲ್ಲಿಂದ ಎದ್ದು ಸಾರಾಯಿ ಕಡೆ ಹೋಗುತ್ತಿದ್ದರು. ಸಾರಾಯಿಗೂ ಕಳ್ಳಿಗೂ ವ್ಯತ್ಯಾಸ ತುಂಬಾ. ಕೇರಳದ ನಿಯಮದಲ್ಲಿ ತೆಂಗಿನ ಕಳ್ಳಿನ ಮದ್ಯಾಂಶಕ್ಕೆ ಇಟ್ಟಿದ್ದ ಮಿತಿ ನೂರಕ್ಕೆ 8.1. ಸಾರಾಯಿ ಅದರ ಎಷ್ಟೋ ಪಟ್ಟು ಖಾರ.

1996ರ ಏಪ್ರಿಲ್ 1ರಿಂದ ಕೇರಳದಲ್ಲಿ ಸಾರಾಯಿ ಬಂದ್ ಆಯಿತು. ಸಾರಡ್ಕದ ಆಚೆ ಮಾತ್ರ ಬಂದ್ ಆಗಲಿಲ್ಲ. ಕರ್ನಾಟಕದ ಪ್ಯಾಕೆಟ್ ಸಾರಾಯಿ ಗುಡ್ಡದ ಕಾಲುದಾರಿಯಲ್ಲಿ ಗೋಣಿಯಲ್ಲಿ ಬರತೊಡಗಿತು, ತೋಡಿನ ಬದಿಯೆಲ್ಲ ಖಾಲಿ ಪ್ಯಾಕೆಟ್. ಹನ್ನೊಂದು ವರ್ಷ ಹಾಗೇ ನಡೆಯಿತು, 2007ರ ಜುಲೈ 1ಕ್ಕೆ ಕರ್ನಾಟಕವೂ ಸಾರಾಯಿ ನಿಲ್ಲಿಸುವವರೆಗೆ. ನಿಂತ ಮೇಲೆ ಆಚೆಯ ಅಗ್ಗದ ವಿಸ್ಕಿ, ಬ್ರಾಂಡಿಯ ಚಿಕ್ಕ ಪ್ಯಾಕ್ ಬಂತು. ಕೇರಳದಲ್ಲಿ ತೆರಿಗೆ ಜಾಸ್ತಿ, ಬೈಕಿದ್ದವನಿಗೆ ಕರ್ನಾಟಕ ಹತ್ತು ನಿಮಿಷ. ಹುಡುಗರು ಕಳ್ಳಿನಂಗಡಿಗೆ ಬರುವುದು ನಿಲ್ಲಿಸಿದ್ದು ಆಗ.

ಕರ್ನಾಟಕ 2004ರಲ್ಲಿ ಶೇಂದಿ ನಿಲ್ಲಿಸಿದಾಗ ದಕ್ಷಿಣ ಕನ್ನಡ, ಉಡುಪಿಗೆ ಮಾತ್ರ ವಿನಾಯಿತಿ ಕೊಟ್ಟಿತು, ಹಾಗಾಗಿ ವಿಟ್ಲದ ದಾಯಾದಿಗಳ ಮೂರ್ತೆಯೂ ಉಳಿಯಿತು. ಅಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳಿದ್ದವು, ಈಗ ಹೆಚ್ಚಿನವು ಸಾಲ ಕೊಡುವ ಸೊಸೈಟಿಗಳಾಗಿವೆ. ಇಲ್ಲಿ ಅಣ್ಣನಿಗೆ ಯೂನಿಯನ್ ಇತ್ತು, 1969ರ ಕಾನೂನಿನ ಕಳ್ಳು ಕೆಲಸಗಾರರ ಕ್ಷೇಮನಿಧಿ ಇತ್ತು. ಈ ಒಂದು ವಿಷಯದಲ್ಲಿ ಕೇರಳ ಒಳ್ಳೆಯದು ಮಾಡಿದೆ ಅಂತ ಕನ್ನಡದವನಾಗಿಯೂ ನಾನು ಹೇಳುತ್ತೇನೆ. ಮರದಿಂದ ಬಿದ್ದರೆ ಕೇಳುವವರಿದ್ದರು.

2017ರಲ್ಲಿ ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು ದೂರ ಸರಿಸಬೇಕು ಅಂತ ಸುಪ್ರೀಂ ಕೋರ್ಟಿನ ಆದೇಶ ಜಾರಿಗೆ ಬಂದಾಗ ನಮ್ಮದೂ ಹೋಯಿತು ಅಂದುಕೊಂಡೆವು. ಒಳರಸ್ತೆಯಲ್ಲಿದ್ದುದರಿಂದ ಬಚಾವಾಯಿತು. ಅಷ್ಟೆಲ್ಲ ಕಾನೂನು ತಡೆದುಕೊಂಡ ಅಂಗಡಿ ಮುಚ್ಚಿದ್ದು ಮಾತ್ರ ಮೊಣಕಾಲು ನೋವಿನಿಂದ. ಅಣ್ಣನಿಗೆ ಅರವತ್ತು ಆಗಿತ್ತು, ಮರ ಹತ್ತಲು ಆಗುತ್ತಿರಲಿಲ್ಲ. ಮಗ ಗಲ್ಫಿನಲ್ಲಿ. ಬೇರೆ ಮೂರ್ತೆಯವರನ್ನು ಹುಡುಕಿ ಬದಿಯಡ್ಕ, ಮುಳ್ಳೇರಿಯ ಅಂತ ಅಲೆದರು, ಸಿಗಲಿಲ್ಲ. ಹೊರಗಿನಿಂದ ಕ್ಯಾನಿನಲ್ಲಿ ಕಳ್ಳು ತರಿಸಿ ಮಾರಬಹುದಿತ್ತು, ಎರಡು ತಿಂಗಳು ಮಾಡಿಯೂ ನೋಡಿದರು. ಅದನ್ನು ಬಾಯಿಗಿಟ್ಟ ದಿನ ಅಣ್ಣ ಗ್ಲಾಸು ಕೆಳಗಿಟ್ಟು, ಇದು ಯಾವ ಮರದ್ದು ಅಂತ ನನಗೇ ಗೊತ್ತಿಲ್ಲದೆ ಇನ್ನೊಬ್ಬರಿಗೆ ಹೇಗೆ ಕೊಡಲಿ ಅಂದರು. ಆ ವಾರವೇ ಬಾಗಿಲು ಹಾಕಿದರು.

ಮುಚ್ಚುವ ಮೊದಲು ಸಾಲದ ಪುಸ್ತಕ ತೆಗೆದು ಜಗಲಿಯಲ್ಲಿ ಕೂತರು. ಗುಡ್ಡೆಮನೆ ಯಾರು, ತೋಡಿನ ಬದಿ ಯಾರು ಅಂತ ಅವರಿಗೂ ಎಲ್ಲ ನೆನಪಿರಲಿಲ್ಲ. ನೆನಪಿದ್ದವರಲ್ಲೂ ಅರ್ಧ ಜನ ತೀರಿಹೋಗಿದ್ದರು. ಪುಸ್ತಕವನ್ನು ಹಾಗೇ ಒಲೆಗೆ ಹಾಕಿದರು. ನಾನು ಕೇಳಿದ್ದರೆ ನನಗೆ ಕೊಡುತ್ತಿದ್ದರೋ ಏನೋ, ಆ ಹೊತ್ತಿಗೆ ಕೇಳಲು ಬಾಯಿ ಬರಲಿಲ್ಲ.

ನೀವು ಬರುವುದಾದರೆ ಪೆರ್ಲದಲ್ಲಿ ಇಳಿದು ಫೋನ್ ಮಾಡಿ. ಅಂಗಡಿಯ ಜಾಗ ತೋರಿಸುತ್ತೇನೆ, ಈಗ ಅಲ್ಲಿ ರಬ್ಬರ್ ಶೀಟ್ ಒಣಗಿಸುತ್ತಾರೆ. ನಮ್ಮ ಆರು ಮರವೂ ಉಂಟು. ಸಿಪ್ಪೆಯ ಮೆಟ್ಟಿಲು ಉದುರಿದೆ, ಒಂದು ಮರದಲ್ಲಿ ಮಾತ್ರ ಹಳೆಯ ನಂಬರಿನ ಗುರುತು ಇನ್ನೂ ಕಾಣುತ್ತದೆ. ಹೊಂಬಾಳೆ ಕಟ್ಟುವವರಿಲ್ಲದ ಮೇಲೆ ಮರಗಳೆಲ್ಲ ಕಾಯಿ ಬಿಡಲು ಶುರುಮಾಡಿವೆ, ಗೊನೆ ತುಂಬಾ. ಹತ್ತಿ ಕೀಳುವವರು ಸಿಗುವುದಿಲ್ಲ. ರಾತ್ರಿ ದೊಪ್ಪ ಅಂತ ಸದ್ದು ಕೇಳಿದರೆ ಬೆಳಿಗ್ಗೆ ಹೋಗಿ ಹೆಕ್ಕಿ ತರುತ್ತೇವೆ.