ಸಂಪಾದಕರ ಉತ್ತರ: ನಲವತ್ತೆರಡಕ್ಕೇ ಪಿಂಚಣಿಯಾ?

('ಪ್ಯಾರಿಸ್ ಒಪೇರಾದ ಬ್ಯಾಲೆ ನರ್ತಕರಿಗೆ 42ಕ್ಕೇ ಪಿಂಚಣಿ ಅಂತ ಓದಿದೆ. ನಾನು 60ರವರೆಗೆ ಪಾಠ ಮಾಡಿದವನು. ಕುಣಿಯುವವರಿಗೆ ಇದು ಜಾಸ್ತಿ ಆಯ್ತು, ಅಲ್ವಾ?' – ಹಾಸನದ ನಿವೃತ್ತ ಶಿಕ್ಷಕರು)

ನಮಸ್ಕಾರ ಮೇಷ್ಟ್ರೇ,

ನೀವು ಕೇಳಿದ್ದು ಸರಿಯಾಗಿದೆ. ಆದರೆ ಅವರ ದುಡಿಮೆಯ ಲೆಕ್ಕವನ್ನು ಕೆಲಸಕ್ಕೆ ಸೇರಿದ ದಿನದಿಂದ ಹಾಕಿದರೆ ಸಾಲದು. ಪ್ಯಾರಿಸ್ ಒಪೇರಾ ಅಂದರೆ ಅಲ್ಲಿನ ಸಂಗೀತ, ನೃತ್ಯದ ದೊಡ್ಡ ರಂಗಸಂಸ್ಥೆ. ಅದರ ನೃತ್ಯಶಾಲೆಗೆ ಮಕ್ಕಳು ಎಂಟು, ಹತ್ತು ವರ್ಷಕ್ಕೇ ಬರುತ್ತಾರೆ. ಮುಂದೆ ತಂಡಕ್ಕೆ ಆಯ್ಕೆಯಾದರೆ ಅಲ್ಲಿ ಐದು ದರ್ಜೆ. ತುದಿಯಲ್ಲಿರುವುದು 'ಎತ್ವಾಲ್', ಅಂದರೆ ನಕ್ಷತ್ರ. ಆ ನಕ್ಷತ್ರವೂ ದಿನಾ ಬೆಳಿಗ್ಗೆ ಗೋಡೆಯ ಕಂಬಿ ಹಿಡಿದು, ಮಂಡಿ ಬಗ್ಗಿಸುವ ಮೊದಲ ಪಾಠದಿಂದಲೇ ಶುರು ಮಾಡಬೇಕು.

ಬೆರಳ ತುದಿಯಲ್ಲಿ ನಿಲ್ಲುವ ಆ ಶೂ ಇದೆಯಲ್ಲ, ಹೊರಗೆ ನುಣುಪಾದ ಸ್ಯಾಟಿನ್. ಒಳಗೆ ಬಟ್ಟೆಗೆ ಅಂಟು ಬಳಿದು, ಪದರದ ಮೇಲೆ ಪದರ ಹಾಕಿ ಗಟ್ಟಿ ಮಾಡಿರುತ್ತಾರೆ. ರಿಬ್ಬನ್ನನ್ನು ನರ್ತಕಿಯೇ ಹೊಲಿದುಕೊಳ್ಳುತ್ತಾಳೆ. ಅಡಿಯನ್ನು ಬಗ್ಗಿಸಿ, ತುದಿಯನ್ನು ನೆಲಕ್ಕೆ ಬಡಿದು ಹದ ಮಾಡಿಕೊಳ್ಳುತ್ತಾಳೆ. ದೊಡ್ಡ ಪಾತ್ರವಾದರೆ ಒಂದೇ ರಾತ್ರಿಗೆ ಅದು ಮೆತ್ತಗಾಗಿಬಿಡಬಹುದು.

ಇದು ಹಳೇ ಬ್ಯಾಲೆಯ ಕಷ್ಟ. ಈಗಿನವರು ಸಮಕಾಲೀನ ನೃತ್ಯವನ್ನೂ ಮಾಡಬೇಕು. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಷ್ ಅವರ ಒಂದು ಕೃತಿಯನ್ನು ಈ ತಂಡ 1997ರಿಂದ ಆಡುತ್ತಿದೆ. ಅದಕ್ಕೆ ರಂಗದ ತುಂಬ ಮಣ್ಣು ಹರಡುತ್ತಾರೆ. ಬರಿಗಾಲಲ್ಲಿ ಓಡಿ, ಬಿದ್ದು, ಎದ್ದು, ಕೊನೆಗೆ ಬೆವರಿದ ಮೈಗೆಲ್ಲ ಮಣ್ಣು ಮೆತ್ತಿಕೊಂಡಿರುತ್ತದೆ. 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಹಂಸವಾಗಿ ಹಗುರ ಕಾಣಬೇಕಾದದ್ದೂ ಅದೇ ಮೈ.

ಇದೇ ತಂಡದಲ್ಲಿದ್ದ ನರ್ತಕಿ ಸಿಲ್ವಿ ಗಿಯೆಮ್ 50ರವರೆಗೆ ಕುಣಿದರಲ್ಲ ಎಂದು ನೀವು ಕೇಳಬಹುದು. ನಿಜ. 1984ರಲ್ಲಿ, 19ಕ್ಕೇ ಎತ್ವಾಲ್ ಆದವರು ಅವರು. 1989ರಲ್ಲಿ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋದರು. ಆಮೇಲೆ ಕಥಕ್ ಕಲಿತ ಅಕ್ರಂ ಖಾನ್ ಅಂಥವರ ಜೊತೆ ತಮಗೆ ಬೇಕಾದ ನೃತ್ಯವನ್ನೇ ಮಾಡಿ 2015ರಲ್ಲಿ ನಿಲ್ಲಿಸಿದರು. ಗುಂಪಿನ ಸಾಲಿನಲ್ಲಿ ಕುಣಿಯುವ ಹುಡುಗಿಗೆ ಹಾಗೆ ಆರಿಸಿಕೊಳ್ಳುವ ಅವಕಾಶ ಎಲ್ಲಿದೆ? 42ಕ್ಕೆ ಅವಳು ಬೇರೆ ಕೆಲಸವನ್ನು ಮೊದಲಿನಿಂದ ಕಲಿಯಬೇಕು. ನನಗಂತೂ ಆ ಪಿಂಚಣಿ ಜಾಸ್ತಿ ಅನ್ನಿಸುವುದಿಲ್ಲ.

ಈ ಪಿಂಚಣಿಯ ಮೂಲ 1698ರಲ್ಲಿ, ಹದಿನಾಲ್ಕನೇ ಲೂಯಿಯ ಕಾಲದಲ್ಲಿದೆ. 2019ರಲ್ಲಿ ಫ್ರಾನ್ಸ್ ಸರ್ಕಾರ ಅದನ್ನು ತೆಗೆಯಲು ಹೊರಟಾಗ ನರ್ತಕಿಯರು ಡಿಸೆಂಬರ್ 24ರ ಚಳಿಯಲ್ಲಿ ಒಪೇರಾದ ಹೊರಗೇ ಬಿಳಿ ಉಡುಪಿನಲ್ಲಿ ಹಂಸಗಳಾಗಿ ಕುಣಿದರು. ಈಗಿರುವವರಿಗೆ ತೊಂದರೆ ಇಲ್ಲ, 2022ರಿಂದ ಸೇರುವವರಿಗೆ ಮಾತ್ರ ಹೊಸ ನಿಯಮ ಎಂದು ಸರ್ಕಾರ ಹೇಳಿತ್ತು. ಅವರು ಅದಕ್ಕೆ ಒಪ್ಪಲಿಲ್ಲ.

– ಸಂ.