ಪಾಸ್ ಒಳಗೆ, ಕವರ್ ಮೇಲೆ: ಗಾರ್ಡಿಗೆ ಕಾಣುವುದು ಯಾವುದು?

ಈ ವಾರ ಎರಡು ಪ್ರಶ್ನೆಗಳು. ಎರಡೂ ಕಾರಿನ ಕವರ್ ಬಗ್ಗೆಯೇ. ಉತ್ತರ ಕೊಡುತ್ತಿರುವವರು ಕೊಡಗಿನಲ್ಲಿ 22 ವರ್ಷಗಳಿಂದ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜ್ ನಡೆಸುತ್ತಿರುವ ನಮ್ಮ ವಾಹನ ತಜ್ಞರು.

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಚೇರಿಯ ಹಿಂದೆ ಪಾಸ್ ಇದ್ದವರಿಗೆ ಮಾತ್ರ ಪಾರ್ಕಿಂಗ್. ಪಾಸ್ ಅಂದರೆ ಮುಂದಿನ ಗಾಜಿನ ಒಳಗೆ ಅಂಟಿಸುವ ಸ್ಟಿಕ್ಕರ್. ನನಗೆ ಸಿಕ್ಕಿರುವ ಜಾಗ ಹಲಸಿನ ಮರದ ಕೆಳಗೆ. ಎಲೆ, ಮೇಣ, ಹಕ್ಕಿ ಹಿಕ್ಕೆ ಬೀಳುತ್ತದೆ ಅಂತ ಕವರ್ ತಂದು ಹಾಕಿದೆ. ಕಳೆದ ತಿಂಗಳು ನಾಲ್ಕು ದಿನ ರಜೆ ಹಾಕಿ ಬಸ್ಸಿನಲ್ಲಿ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಚಕ್ರಕ್ಕೆ ಲಾಕ್ ಬಿದ್ದಿತ್ತು. ‘ಪಾಸ್ ಕಾಣಿಸಲಿಲ್ಲ’ ಅಂತ 500 ರೂಪಾಯಿ ಕಟ್ಟಿಸಿಕೊಂಡರು. ಪಾಸ್ ಇದ್ದೂ ದಂಡ ಕಟ್ಟಬೇಕಾ? ಮಳೆಗಾಲ ಬೇರೆ ಹತ್ತಿರ ಬಂತು. ಕವರ್ ಇಲ್ಲದೆ ಗಾಡಿ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ ಸಾರ್?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೊದಲು ಆ ಗಾರ್ಡ್ ಜಾಗದಲ್ಲಿ ನಿಂತು ನೋಡೋಣ. ರಾತ್ರಿ ಎರಡು ಗಂಟೆ. ಮಂಜು ಕವಿದಿದೆ. ಕೈಯಲ್ಲಿ ಒಂದು ಟಾರ್ಚ್. ಸಾಲಾಗಿ ನಿಂತ ಗಾಡಿಗಳ ಗಾಜಿಗೆ ಬೆಳಕು ಬಿಟ್ಟು ಸ್ಟಿಕ್ಕರ್ ನೋಡಿಕೊಂಡು ಹೋಗುವುದು ಅವರ ಕೆಲಸ. ನಡುವೆ ಒಂದು ಗಾಡಿ ಪೂರ್ತಿ ಮುಸುಕು ಹಾಕಿಕೊಂಡು ನಿಂತಿದೆ. ಯಾರದು? ಪಾಸ್ ಇದೆಯಾ? ಗೊತ್ತಾಗುವುದಿಲ್ಲ. ಕವರ್ ಎತ್ತಿ ನೋಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಎತ್ತುವಾಗ ಬಟ್ಟೆ ಹರಿದರೆ, ಪೇಂಟಿಗೆ ಗೀರು ಬಿದ್ದರೆ ಆ ಮಾತು ಬರುವುದು ಅವರ ಮೇಲೆಯೇ. ಹಾಗಾಗಿ ಯಾವ ಗಾರ್ಡೂ ಬೇರೆಯವರ ಕವರನ್ನು ಗಾಜಿನ ತನಕ ಎತ್ತಲು ಕೈ ಹಾಕುವುದಿಲ್ಲ. ಹಾಕಲೂ ಬಾರದು.

ಪಾಸ್ ಇರುವುದೇ ಕಾಣಿಸುವುದಕ್ಕೆ. ಕಾಣದ ಪಾಸ್ ಇಲ್ಲದ ಹಾಗೆಯೇ. ಆದರೆ ನಾಲ್ಕು ದಿನ ನಿಂತಿದ್ದ ಗಾಡಿಗೆ ಲಾಕ್ ಹಾಕುವ ಮೊದಲು ಒಂದು ಫೋನ್ ಮಾಡಬೇಕಿತ್ತು. ಕವರಿನ ಅಂಚು ಒಂದು ಗೇಣು ಸರಿದರೆ ನಂಬರ್ ಪ್ಲೇಟ್ ಕಾಣುತ್ತದೆ. ಆ ನಂಬರ್ ಪಾಸ್ ಕೊಟ್ಟವರ ರಿಜಿಸ್ಟರ್‌ನಲ್ಲಿ ಇದ್ದೇ ಇರುತ್ತದೆ. ಅಷ್ಟು ಮಟ್ಟಿಗೆ ನಿಮ್ಮ ಬೇಸರ ನ್ಯಾಯವಾದದ್ದು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಸಾರ್ವಜನಿಕ ಜಾಗಕ್ಕೆ ಸಂಬಂಧಿಸಿದ್ದು. ಅಲ್ಲಿ ಗಾಡಿಯನ್ನು 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ವಾರಸುದಾರರಿಲ್ಲದಂತೆ ಬಿಟ್ಟರೆ, ಇಲ್ಲವೇ ಪಾರ್ಕಿಂಗ್ ನಿಷೇಧ ಇರುವ ಕಡೆ ನಿಲ್ಲಿಸಿದರೆ, ಎಳೆದುಕೊಂಡು ಹೋಗಲು ಅಥವಾ ಚಕ್ರಕ್ಕೆ ಲಾಕ್ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ನಿಮ್ಮದು ಕಚೇರಿಯ ಆವರಣ. ಅಲ್ಲಿ ಮಾತಿಗೆ ಆಧಾರ ಪಾಸ್ ತಗೊಳ್ಳುವಾಗ ನೀವು ಸಹಿ ಹಾಕಿದ ಕಾಗದ. ಅದನ್ನು ಹುಡುಕಿ ಓದಿ. ‘ಪಾಸ್ ಸದಾ ಹೊರಗಿನಿಂದ ಕಾಣುವಂತಿರಬೇಕು’ ಅಂತ ಬರೆದಿದ್ದರೆ ದಂಡ ವಾಪಸ್ ಬರುವುದು ಕಷ್ಟ. ಹಾಗೆ ಬರೆದಿಲ್ಲದಿದ್ದರೆ ರಸೀದಿಯ ನಕಲು, ಪಾಸಿನ ಫೋಟೊ ಇಟ್ಟು ಒಂದು ಅರ್ಜಿ ಕೊಡಿ. ಗೇಟಿನಲ್ಲಿ ನಿಂತು ಜಗಳ ಬೇಡ. ದಂಡ ಕಟ್ಟಿಸಿಕೊಂಡವರಿಗೆ ವಾಪಸ್ ಕೊಡುವ ಅಧಿಕಾರ ಇರುವುದಿಲ್ಲ.

ಅದೇ ಅರ್ಜಿಯಲ್ಲಿ ಮುಂದಿನದಕ್ಕೂ ದಾರಿ ಮಾಡಿಕೊಳ್ಳಿ. ‘ನನ್ನ ಗಾಡಿಗೆ ಕವರ್ ಹಾಕುತ್ತೇನೆ, ಹೊರಗೆ ಕಾಣುವಂತೆ ಇಡಲು ಇನ್ನೊಂದು ಪಾಸ್ ಕೊಡಿ’ ಅಂತ ಕೇಳಿ. ಒಳಗಿನ ಸ್ಟಿಕ್ಕರ್ ಕಿತ್ತು ಹೊರಗೆ ಅಂಟಿಸಬೇಡಿ. ಅದು ಕಳೆದುಹೋದರೆ ಬೇರೆ ಯಾರದೋ ಗಾಡಿ ಮೇಲೆ ಸೇರಿಕೊಳ್ಳುತ್ತದೆ. ನೀವೇ ಜೆರಾಕ್ಸ್ ಮಾಡಿ ಇಡುವುದೂ ಬೇಡ, ಅದನ್ನು ಕಳ್ಳ ಪಾಸ್ ಅಂದುಕೊಳ್ಳುವವರಿದ್ದಾರೆ. ಕಚೇರಿಯವರೇ ಸೀಲ್ ಹಾಕಿ ಕೊಟ್ಟ ಎರಡನೇ ಪಾಸನ್ನು ಲ್ಯಾಮಿನೇಟ್ ಮಾಡಿಸಿ. ಕವರಿನ ಮುಂಭಾಗದಲ್ಲಿ, ಬಾನೆಟ್ ಮತ್ತು ಗಾಜು ಸೇರುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಜೇಬು ಹೊಲಿಸಿ ಅದರೊಳಗೆ ಇಡಿ. ಸೀಟ್ ಕವರ್ ಹೊಲಿಯುವವರು ಇದನ್ನು ಮಾಡಿಕೊಡುತ್ತಾರೆ. ಜೇಬಿನ ಬಾಯಿ ಕೆಳಗಿರಲಿ, ಮೇಲೆ ಇದ್ದರೆ ಮಳೆನೀರು ತುಂಬಿಕೊಳ್ಳುತ್ತದೆ. ಜೊತೆಗೆ ಕವರಿನ ಮುಂದೆ, ಹಿಂದೆ ಗಾಡಿ ನಂಬರನ್ನು ದೊಡ್ಡದಾಗಿ ಬರೆಸಿ. ಕೆಎ 12ರ ಮುಂದಿನ ನಾಲ್ಕು ಅಂಕಿ ದೂರದಿಂದ ಕಂಡರೆ ಗಾರ್ಡ್‌ಗೆ ಅರ್ಧ ಕೆಲಸ ಮುಗಿಯಿತು. ಫೋನ್ ನಂಬರ್ ಮಾತ್ರ ಕವರ್ ಮೇಲೆ ಬರೆಯಬೇಡಿ. ಅದನ್ನು ಗಾರ್ಡ್ ರಿಜಿಸ್ಟರ್‌ನಲ್ಲಿ ಬರೆಸಿ. ಊರಿಗೆ ಹೋಗುವ ದಿನ, ಯಾವತ್ತು ಬರುತ್ತೀರಿ ಅಂತ ಅಲ್ಲೇ ಒಂದು ಸಾಲು ಬರೆದು ಹೋಗಿ.

ಗಾಜಿನ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇರುವ ಕವರ್ ತರೋಣ ಅನ್ನಿಸಬಹುದು. ಮಡಿಕೇರಿಗೆ ಅದನ್ನು ನಾನು ಹೇಳುವುದಿಲ್ಲ. ಒಳಗಿನಿಂದ ತೇವ ಕಟ್ಟಿಕೊಂಡು ಮಬ್ಬಾಗುತ್ತದೆ. ಟಾರ್ಚ್ ಬಿಟ್ಟರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಸ್ಟಿಕ್ಕರ್ ಓದಲು ಆಗುವುದಿಲ್ಲ. ಬಿಸಿಲಿಗೆ ಹಳದಿಯೂ ಆಗುತ್ತದೆ.

ಇಲ್ಲಿಗೆ ಪಾಸಿನ ವಿಷಯ ಮುಗಿಯಿತು. ಇನ್ನು ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ಮಳೆಗಾಲ ಬಂತು, ಕವರ್ ಇಲ್ಲದೆ ಹೇಗೆ ಅಂತ ಕೇಳಿದ್ದೀರಿ. ನಾನು ಹೇಳುವುದು ಇದರ ತದ್ವಿರುದ್ಧ. ಬಯಲಿನಲ್ಲಿ ನಿಲ್ಲುವ ಗಾಡಿಗೆ ಕೊಡಗಿನ ಮಳೆಗಾಲದಲ್ಲಿ ಕವರ್ ಹಾಕಲೇಬೇಡಿ. ಈ ಮಾತು ಹೇಳಲೆಂದೇ ನಿಮ್ಮ ಪತ್ರವನ್ನು ಈ ವಾರ ಆರಿಸಿಕೊಂಡೆ.

ಮಳೆ ನೀರು ಪೇಂಟಿಗೆ ಶತ್ರು ಅಲ್ಲ. ಗಾಡಿ ಮೇಲೆ ಬಿದ್ದ ನೀರು ಹರಿದು ಹೋಗುತ್ತದೆ, ಗಾಳಿಗೆ ಆರುತ್ತದೆ. ತೊಂದರೆ ಕೊಡುವುದು ಹರಿಯದೆ, ಆರದೆ ಕೂತ ತೇವ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಕಕ್ಕಡದ ದಿನಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಎಷ್ಟೋ ದಿನ ಸೂರ್ಯನ ಮುಖವೇ ಕಾಣುವುದಿಲ್ಲ. ಹಾಕಿದ ಬಟ್ಟೆ ಒಣಗಿಸಲು ಬಚ್ಚಲ ಒಲೆ ಹತ್ತಿರ ಹಗ್ಗ ಕಟ್ಟುವವರು ನಾವು. ಅಂಥಾದ್ದರಲ್ಲಿ ನಾಲ್ಕು ಮೀಟರ್ ಉದ್ದದ ಕವರ್ ಎಲ್ಲಿ ಒಣಗಬೇಕು ಹೇಳಿ?

ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅಂತ ಕೊಡುವ ಕವರ್ ಸಾಮಾನ್ಯವಾಗಿ ಪಾಲಿಯೆಸ್ಟರ್ ಬಟ್ಟೆಗೆ ಪ್ಲಾಸ್ಟಿಕ್‌ನಂಥ ಲೇಪ ಕೊಟ್ಟದ್ದು. ಹೊರಗಿನ ನೀರು ಒಳಗೆ ಬರುವುದು ಕಡಿಮೆ, ನಿಜ. ಆದರೆ ನೆಲದಿಂದ ಏಳುವ ತೇವ ಕೆಳಗಿನಿಂದ ಒಳಗೆ ಸೇರುತ್ತದೆ, ಸೇರಿದ್ದು ಹೊರಗೆ ಹೋಗುವುದಿಲ್ಲ. ರಾತ್ರಿ ತಣ್ಣಗಾದ ಕೂಡಲೇ ಬಾನೆಟ್, ರೂಫ್ ಮೇಲೆ ಬೆವರಿನಂತೆ ಹನಿ ಕಟ್ಟುತ್ತದೆ. ಒದ್ದೆ ಬಟ್ಟೆ ಪೇಂಟಿಗೆ ಅಂಟಿಕೊಂಡು ಕೂರುತ್ತದೆ. ಹೀಗೆ ಮೂರ್ನಾಲ್ಕು ವಾರ ಬಿಟ್ಟ ಗಾಡಿಗಳು ಪ್ರತಿ ಸೆಪ್ಟೆಂಬರ್‌ನಲ್ಲಿ ನನ್ನ ಗ್ಯಾರೇಜಿಗೆ ಬರುತ್ತವೆ. ರೂಫ್ ಮೇಲೆ ಬಿಳಿ ಮಬ್ಬು. ಮೊದಲು ಪೇಂಟ್ ಮಾಡಿಸಿದ ಕಡೆ ಸಣ್ಣ ಸಣ್ಣ ಗುಳ್ಳೆ. ಬಾಗಿಲಿನ ಕೆಳಗಿನ ಮಡಿಕೆಯಲ್ಲಿ, ವೈಪರ್ ಬುಡದಲ್ಲಿ ತುಕ್ಕು. ಬಾಗಿಲು ತೆಗೆದರೆ ಬೂಷ್ಟಿನ ವಾಸನೆ, ಸ್ಟೀರಿಂಗ್ ಮೇಲೆ, ಸೀಟ್ ಬೆಲ್ಟ್ ಮೇಲೆ ಬೂದಿ ಹಾಕಿದ ಹಾಗೆ ಬೂಷ್ಟು. ಎಲ್ಲ ಮಾಲೀಕರೂ ಹೇಳುವುದು ಒಂದೇ: ‘ಕವರ್ ಹಾಕೇ ಇಟ್ಟಿದ್ದೆ ಅಣ್ಣ.’ ಪ್ರೀತಿಯಿಂದ ಹೊದಿಸಿದ್ದೇ ಗಾಡಿಯನ್ನು ಹಾಳು ಮಾಡಿತು ಅಂತ ಅವರಿಗೆ ಹೇಳುವಾಗ ನನಗೂ ಸಂಕಟ ಆಗುತ್ತದೆ.

ಹಾಗಾದರೆ ಮಳೆಗಾಲದಲ್ಲಿ ಏನು ಮಾಡಬೇಕು? ಜೂನ್‌ಗೆ ಮೊದಲು ಗಾಡಿ ತೊಳೆಸಿ, ಒಳ್ಳೆಯ ವ್ಯಾಕ್ಸ್ ಹಾಕಿಸಿ. ವೈಪರ್ ಬುಡದಲ್ಲಿ ಸೇರುವ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಿರಿ. ಎಲೆ ಕೊಳೆತು ಅಲ್ಲಿನ ನೀರಿನ ದಾರಿ ಮುಚ್ಚಿದರೆ ನೀರು ಗಾಡಿ ಒಳಗೇ ಇಳಿಯುತ್ತದೆ. ಹಲಸಿನ ಮೇಣಕ್ಕೆ ಹೆದರಬೇಡಿ. ಕೈಗೆ ಅಂಟಿದಾಗ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತೀವಲ್ಲ, ಗಾಡಿಗೂ ಹಾಗೆಯೇ. ಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು ನಿಧಾನವಾಗಿ ಒರೆಸಿ, ಆಮೇಲೆ ಶಾಂಪೂ ನೀರಲ್ಲಿ ತೊಳೆಯಿರಿ. ಉಗುರಿನಿಂದ ಕೆರೆಯಬೇಡಿ. ಹಕ್ಕಿ ಹಿಕ್ಕೆ ಮಾತ್ರ ಅವತ್ತೇ ಹೋಗಬೇಕು. ಅದರಲ್ಲಿರುವ ಆಮ್ಲ ಪೇಂಟಿಗೆ ಅಚ್ಚು ಒತ್ತಿಬಿಡುತ್ತದೆ.

ಹಲಸಿನ ಹಣ್ಣಿನ ಕಾಲದಲ್ಲಿ ಆ ಜಾಗವನ್ನೇ ಬದಲಾಯಿಸಿ ಕೊಡಿ ಅಂತ ಕೇಳಿ. ಹತ್ತು ಕೆಜಿ ಹಣ್ಣು ಬಾನೆಟ್ ಮೇಲೆ ಬಿದ್ದರೆ ಯಾವ ಕವರೂ ಕಾಯುವುದಿಲ್ಲ. ಹಾಗಂತ ಬೇರೆ ಜಾಗ ಕೊಟ್ಟಾಗ ಬರೆಯ, ಅಂದರೆ ಕಡಿದಾದ ಗುಡ್ಡದ ಮಣ್ಣಿನ ಗೋಡೆಯ, ಬುಡದಲ್ಲಿ ಕೊಟ್ಟರೆ ಒಪ್ಪಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಬರೆಗಳು ಹೇಗೆ ಕುಸಿದವು ಅಂತ ಕಣ್ಣಾರೆ ನೋಡಿದ್ದೇವೆ.

ಕವರ್ ಕೆಲಸಕ್ಕೆ ಬರುವುದು ಡಿಸೆಂಬರ್‌ನಿಂದ ಮೇ ತನಕ. ಕಾಫಿ ಕೊಯ್ಲಿನ ದಿನಗಳ ಧೂಳು, ಬೆಳಗಿನ ಇಬ್ಬನಿ, ಮಾರ್ಚ್ ಬಿಸಿಲು, ಇವಕ್ಕೆಲ್ಲ ಅದು ಒಳ್ಳೆಯದು. ಆಗ ಗಾಳಿಯಾಡುವ, ಒಳಮೈ ಮೆತ್ತಗಿರುವ ಕವರ್ ತಗೊಳ್ಳಿ, ನಿಮ್ಮ ಮಾಡೆಲ್‌ಗೆ ಸರಿಯಾದ ಅಳತೆಯದ್ದು. ಸಡಿಲ ಇದ್ದರೆ ಗಾಳಿಗೆ ಪಟಪಟ ಬಡಿದು ಪೇಂಟನ್ನು ಉಜ್ಜುತ್ತದೆ. ಧೂಳು ಕೂತ ಗಾಡಿಗೆ ಕವರ್ ಎಳೆಯುವುದು ಉಪ್ಪುಕಾಗದ ಎಳೆದ ಹಾಗೆ. ಕೆಂಪು ಮಣ್ಣಿನ ದಾರಿಯಲ್ಲಿ ಬಂದ ದಿನ ತೊಳೆಯದೆ ಹಾಕಲೇಬೇಡಿ. ಇಂಜಿನ್, ಸೈಲೆನ್ಸರ್ ಬಿಸಿ ಇರುವಾಗಲೂ ಬೇಡ, ಅರ್ಧ ಗಂಟೆ ಆರಲಿ. ಕವರ್ ಹಾರದಿರಲಿ ಅಂತ ಮೂಲೆಗೆ ಕಲ್ಲು ಕಟ್ಟುವವರನ್ನು ನೋಡಿದ್ದೇನೆ. ಗಾಳಿ ಬಂದಾಗ ಆ ಕಲ್ಲು ಬಾಗಿಲಿಗೆ ಬಡಿದು ತಗ್ಗು ಮಾಡುತ್ತದೆ. ಗಾಡಿಯ ಹೊಟ್ಟೆ ಕೆಳಗೆ ಹಾದುಬರುವ ಬೆಲ್ಟ್ ಇರುವ ಕವರ್ ಸಿಗುತ್ತದೆ, ಅದೇ ಸಾಕು. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಒಂದು ತಿಂಗಳು ಕವರ್ ಮುಟ್ಟಿಸಬೇಡಿ, ಪೇಂಟ್ ಒಳಗಿನಿಂದ ಪೂರ್ತಿ ಗಟ್ಟಿಯಾಗಲಿ.

ಇನ್ನೊಂದು ಮಾತು. ಮುಚ್ಚಿದ ಬಾನೆಟ್ ಇಲಿಗೆ ಬೆಚ್ಚನೆಯ ಗೂಡು. ನಾಲ್ಕು ದಿನ ಬಿಟ್ಟು ಬಂದಾಗ ಕವರ್ ತೆಗೆದ ಕೂಡಲೇ ಬಾನೆಟ್ ಎತ್ತಿ ವೈರ್ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಕವರ್ ಮಡಚುವಾಗಲೂ ಒಮ್ಮೆ ಕೊಡವಿ, ಅದರ ಮಡಿಕೆಯಲ್ಲಿ ಹಾವು ಮಲಗಿದ್ದನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಗೋಣಿಕೊಪ್ಪಲಿನ ಒಂದು ಅಪಾರ್ಟ್‌ಮೆಂಟ್ ಸಮಿತಿಯಲ್ಲಿದ್ದೇನೆ. ನಮ್ಮಲ್ಲಿ ಮನೆಗೊಂದು ಪಾಸ್, ಪಾಸಿಗೊಂದು ಜಾಗ. ಮೂರು ತಿಂಗಳಿಂದ ಒಂದು ಗಾಡಿ ಕವರ್ ಹಾಕಿಕೊಂಡು ಅತಿಥಿಗಳ ಜಾಗದಲ್ಲಿ ನಿಂತಿದೆ. ಯಾರೂ ನಮ್ಮದು ಅನ್ನುತ್ತಿಲ್ಲ. ಕವರ್ ನಿಷೇಧ ಮಾಡಿಬಿಡೋಣ ಅಂತ ಕೆಲವರು ಹೇಳುತ್ತಿದ್ದಾರೆ. ಸರಿಯಾ?
– ಸಮಿತಿ ಸದಸ್ಯರು, ಗೋಣಿಕೊಪ್ಪಲು

ಉತ್ತರ: ನಿಷೇಧ ಬೇಡ. ಒಬ್ಬರು ಮಾಡಿದ್ದಕ್ಕೆ ಉಳಿದವರ ಗಾಡಿ ಬಿಸಿಲಲ್ಲಿ ಒಣಗಬಾರದು. ಮನೆ ನಂಬರ್ ಹೊರಗೆ ಬರೆದಿರುವ ಕವರ್‌ಗೆ ಮಾತ್ರ ಅನುಮತಿ ಅಂತ ನಿಯಮ ಮಾಡಿ. ತಿಂಗಳಿಗೆ ಒಂದು ದಿನ ಗೊತ್ತು ಮಾಡಿ, ಅವತ್ತು ಎಲ್ಲರೂ ಕವರ್ ತೆಗೆದು ಪಾಸ್ ತೋರಿಸಲಿ. ತೇವ ಆರಲು ಗಾಡಿಗೂ ಅದು ಬೇಕು.

ಈಗ ನಿಂತಿರುವ ಗಾಡಿಗೆ ಮೊದಲು ನೋಟಿಸ್ ಬೋರ್ಡಿನಲ್ಲಿ ಹಾಕಿ, ಒಂದು ವಾರ ಸಮಯ ಕೊಡಿ. ಯಾರೂ ಬರದಿದ್ದರೆ ಇಬ್ಬರು ಸದಸ್ಯರು ಜೊತೆಗಿದ್ದು, ಕವರಿನ ಅಂಚನ್ನು ನಂಬರ್ ಪ್ಲೇಟ್ ಕಾಣುವಷ್ಟೇ ಸರಿಸಿ, ಫೋಟೊ ತೆಗೆದುಕೊಂಡು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ. ನೀವೇ ತಳ್ಳಿ ಹೊರಗೆ ಹಾಕಲು ಹೋಗಬೇಡಿ. ಮೂರು ತಿಂಗಳು ಹ್ಯಾಂಡ್ ಬ್ರೇಕ್ ಎಳೆದೇ ನಿಂತಿದ್ದರೆ ಈ ತೇವಕ್ಕೆ ಹಿಂದಿನ ಬ್ರೇಕ್ ಡ್ರಮ್ಮಿಗೆ ಹಿಡಿದುಕೊಂಡಿರುತ್ತದೆ. ಬಲವಂತ ಮಾಡಿದರೆ ಮುರಿಯುತ್ತದೆ, ಖರ್ಚು ನಿಮ್ಮ ತಲೆಗೆ ಬರುತ್ತದೆ. ಜಾಸ್ತಿ ದಿನ ಊರಿಗೆ ಹೋಗುವ ನಿಮ್ಮ ನಿವಾಸಿಗಳಿಗೂ ಇದನ್ನು ಹೇಳಿ: ಗಾಡಿ ಗೇರಿನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬಿಡಿ. ಆಟೊಮ್ಯಾಟಿಕ್ ಗಾಡಿಯಾದರೆ ‘ಪಿ’ಯಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರಾಯಿತು. ಬೀಗದ ಕೈ ಒಂದನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋದರೆ ವಾರಕ್ಕೊಮ್ಮೆ ಕವರ್ ತೆಗೆದು, ಗಾಡಿ ಸ್ಟಾರ್ಟ್ ಮಾಡಿ, ಸ್ವಲ್ಪ ಮುಂದೆ ಹಿಂದೆ ಓಡಿಸಿ ನಿಲ್ಲಿಸುವವರು ಸಿಗುತ್ತಾರೆ.